ದಕ್ಷಿಣಕ್ಕಿದ್ದ ಬಾಗಿಲು

ಸುನೀಲಕುಮಾರ ಕೆಟ್ಟವನೇನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದನ್ನು ಕೇಳಿದ ಮೇಲೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಕಲಬುರಗಿ ಮಗ್ಗುಲಿನ ನಂದೂರಿನ ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ, ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಮೂರನೇ ಅಂತಸ್ತಿನ ಬಾಡಿಗೆ ಮನೆ, ಕಮಲಾಪುರದ ಸರ್ಕಾರಿ ಶಾಲೆಯಲ್ಲಿ ಟೀಚರಾಗಿರುವ ಹೆಂಡತಿ ಅಂಜನಾ. ಮದುವೆಯಾಗಿ ಬಹಳ ದಿನಕ್ಕೆ ಬಸಿರು ನಿಂತಿತ್ತು. ದಿನಾ ಬಸ್ಸಿನ ಕುಲುಕಾಟ, ಮನೆಗೆ ಬಂದರೆ ಮೆಟ್ಟಿಲು. ಡಾಕ್ಟರಮ್ಮ ಬೈದು ಕಳಿಸಿದ ದಿನ ಸುನೀಲ ಎದೆ ಉಬ್ಬಿಸಿ ಹೇಳಿದ:

"ಕಮಲಾಪುರದಾಗೇ ಮನಿ ಮಾಡೂಣು. ಬಸ್ಸಿನಾಗ ಕುಲುಕೋದು ನಾ ಕುಲುಕ್ತೀನಿ. ನೀ ಕೂಸಿನ ಕೂಡ ಆರಾಮ ಇರು."

ಆ ಮಾತಿನ ಹೆಮ್ಮೆ ಅವನಿಗೆ ಒಂದು ವಾರ ಇಳಿಯಲಿಲ್ಲ.

ಮನೆ ಹುಡುಕಿಕೊಡಲು ಗೌತಮ ಇದ್ದನಲ್ಲ! ಗೌತಮ ಅದೇ ಮಿಲ್ಲಿನಲ್ಲಿ ಯಂತ್ರ ನೋಡಿಕೊಳ್ಳುವವನು, ಕಮಲಾಪುರದವನು, ದಿನಾ ಅಲ್ಲಿಂದಲೇ ಬಂದು ಹೋಗುವವನು. ಮಧ್ಯಾಹ್ನ ಇಬ್ಬರೂ ಚೀಲಗಳ ಮರೆಯಲ್ಲಿ ಕೂತು ಉಣ್ಣುತ್ತಿದ್ದರು. ಗೌತಮನ ತಾಯಿ ಶೇವಂತಾಬಾಯಿ ಕುಟ್ಟಿದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಇಲ್ಲದಿದ್ದರೆ ಸುನೀಲನಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. "ಲೇ ಗೌತ್ಯಾ, ನಿಮ್ಮವ್ವನ ಕೈಗೆ ಬಂಗಾರದ ಬಳಿ ಹಾಕಸಬೇಕಲೇ" ಅನ್ನುತ್ತಿದ್ದ. ಗೌತಮನದು ಅಜ್ಜನ ಕಾಲಕ್ಕೇ ಬೌದ್ಧರಾದ ದಲಿತ ಮನೆತನ. ಸುನೀಲನದು ಕೊರಳಲ್ಲಿ ಲಿಂಗ ಕಟ್ಟಿದ ಒಕ್ಕಲು ಮನೆತನ. ಅದೆಲ್ಲ ಯಾರಿಗೆ ಬೇಕು ಈಗಿನ ಕಾಲದಲ್ಲಿ? ಹೀಗೆ ಕೇಳುತ್ತಿದ್ದವನೂ ಸುನೀಲನೇ. ಆದರೆ ಇಷ್ಟು ವರ್ಷದಲ್ಲಿ ಒಂದು ದಿನವೂ ಗೌತಮನನ್ನು ತನ್ನ ಮನೆಗೆ ಕರೆದಿರಲಿಲ್ಲ. ವೇಳೆ ಕೂಡಿ ಬರಲಿಲ್ಲ, ಅಷ್ಟೇ. ಅಬ್ಬಾ, ಅದೆಂಥಾ ವೇಳೆಯೋ, ಹಿಂಡಿ ತಿನ್ನಲಿಕ್ಕೆ ದಿನಾ ಕೂಡಿ ಬರುತ್ತಿತ್ತು!

ಒಂದು ಐತ್ವಾರ ಗಂಡಹೆಂಡತಿ ಕಮಲಾಪುರಕ್ಕೆ ಹೋದರು. ಗೌತಮ ಬಸ್‌ಸ್ಟ್ಯಾಂಡಿಗೇ ಬಂದು ನಿಂತಿದ್ದ. ಮೊದಲ ಮನೆಯಲ್ಲಿ ನೀರಿನ ತೊಂದರೆ. ಎರಡನೆಯದು ಪೇಟೆಯ ಹಿಂದಿನ ಗಲ್ಲಿಯಲ್ಲಿ. ಮನೆಯ ಯಜಮಾನ ಗೇಟಿನಲ್ಲೇ ಕೇಳಿದ, "ನೀವು ಯಾರ ಪೈಕಿರೀ?" ಸುನೀಲ ಹೇಳಿದ. ಯಜಮಾನನ ಮುಖ ಅರಳಿತು. "ಬರ್ರಿ ಬರ್ರಿ, ನಮ್ಮವರೇ ಆದ್ರಿ, ಚಾ ಕುಡೀರಿ" ಅಂತ ಒಳಗೆ ಕರೆದ. ಗೌತಮನನ್ನು ಊರಿನವನಾದ್ದರಿಂದ ಏನೂ ಕೇಳಲಿಲ್ಲ, ಕರೆಯಲೂ ಇಲ್ಲ. ಗೌತಮ ಹೊರಗೆ ಬಿಸಿಲಲ್ಲಿ ಗೇಟಿಗೆ ಬೆನ್ನು ಹಾಕಿ ನಿಂತು ಫೋನು ನೋಡತೊಡಗಿದ. ಸುನೀಲ ಕಿಟಕಿಯಿಂದ ನೋಡಿದ. ನೋಡಿಯೂ ಚಹಾ ಕುಡಿದ. ಅಂಜನಾ ಮಾತ್ರ ಕಪ್ಪನ್ನು ಮುಟ್ಟದೆ ಎದ್ದು ಹೊರಗೆ ಬಂದಳು. ಮನೆಯೂ ಕತ್ತಲೆ, ಬಚ್ಚಲ ವಾಸನೆ, ಶಾಲೆಯೂ ದೂರ.

"ಇನ್ನೊಂದದ" ಅಂದ ಗೌತಮ, ತಲೆ ಕೆರೆಯುತ್ತ. "ಹೇಳಬೇಕೋ ಬ್ಯಾಡೋ ಅಂತ ಸುಮ್ಮನಿದ್ದೆ. ನಮ್ಮ ಮನಿ ಮಗ್ಗಲಾಗೇ ಎರಡು ಖೋಲಿ ಕಟ್ಟಸೀನಿ. ಬಾಡಿಗಿಗೆ ಇನ್ನಾ ಯಾರಿಗೂ ಕೊಟ್ಟಿಲ್ಲ. ನೋಡ್ರಿ ವೈನಿ, ಪಸಂದ್ ಬಂದ್ರ."

ಪಸಂದಾಗದೆ ಏನು! ಗಾಳಿ, ಬೆಳಕು, ಮನೆಯೊಳಗೇ ನಳ, ಅಂಗಳದಲ್ಲಿ ಬೇವಿನ ಗಿಡ, ಶಾಲೆಯ ಗಂಟೆ ಕೇಳುವಷ್ಟು ಹತ್ತಿರ. ಶೇವಂತಾಬಾಯಿ ತಂಬಿಗೆ ನೀರು ತಂದು ಕೊಟ್ಟರು, ಬಸುರಿಯ ಕೈ ಹಿಡಿದು ಕಟ್ಟೆಯ ಮೇಲೆ ಕೂಡಿಸಿದರು. "ಕೂಸಿಗೆ ನೀರ ಎರೀಲಿಕ್ಕೆ ನಾ ಇದ್ದೀನಿ, ನೀ ಯಾಕ ಚಿಂತಿ ಮಾಡ್ತೀ?" ಅಂದರು. ಅಂಜನಾಳ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಬಂತು. ತೊಟ್ಟಿಲು ಎಲ್ಲಿ ಕಟ್ಟಬೇಕೆಂದು ಆಗಲೇ ಜಂತಿ ನೋಡತೊಡಗಿದಳು.

ತೊಟ್ಟಿಲು! ಸುನೀಲನಿಗೆ ತನ್ನ ಊರು ಆಳಂದ ನೆನಪಾಯಿತು. ತೊಟ್ಟಿಲ ಕಾರ್ಯಕ್ಕೆ ಆಳಂದದಿಂದ ಅವ್ವ ಬರುತ್ತಾಳೆ, ಅಣ್ಣ ಬರುತ್ತಾನೆ, ಬೀಗರು ಬರುತ್ತಾರೆ. ಓಣಿಯ ಬಾಯಲ್ಲೇ ನೀಲಿ ಧ್ವಜದ ಕಟ್ಟೆ. ಅದನ್ನು ನೋಡಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಒಳಗೆ ಬಂದರೂ ನೀರು ಮುಟ್ಟುತ್ತಾರೋ ಇಲ್ಲವೋ. ಆಮೇಲೆ ಆಳಂದದ ತುಂಬ ಮಾತು. ಇದೆಲ್ಲ ಒಂದು ಉಸಿರಿನಲ್ಲಿ ಅವನ ತಲೆಯಲ್ಲಿ ಹಾದುಹೋಯಿತು, ಮತ್ತು ಬಾಯಿ ತಾನಾಗಿಯೇ ತೆರೆಯಿತು.

"ಮನಿ ಏನೋ ಛಲೋ ಅದ ದೋಸ್ತಾ. ಆದ್ರ ಬಾಗಿಲ ದಕ್ಷಿಣಕ್ಕದ. ನಮ್ಮವ್ವಗ ಈ ವಾಸ್ತು ಪಾಸ್ತು ಭಾಳ. ಮೊದಲೇ ಬಸುರಿ ಹೆಂಗಸು..."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗೌತಮ ಬಾಗಿಲನ್ನು ನೋಡಿದ, ಸುನೀಲನನ್ನು ನೋಡಿದ. "ಇಷ್ಟೇ ಏನು?" ಅಂತ ಕೇಳಿದ. "ಇಷ್ಟೇ ನೋಡು. ಇಲ್ಲಾಂದ್ರ ನಾಳೆನೇ ಬರ್ತಿದ್ವಿ" ಅಂದ ಸುನೀಲ. ಶೇವಂತಾಬಾಯಿ ಖಾಲಿ ತಂಬಿಗೆ ಎತ್ತಿಕೊಂಡು ಒಳಗೆ ಹೋದರು.

ಮರಳುವ ಬಸ್ಸಿನಲ್ಲಿ ಅಂಜನಾ ಮೆಲ್ಲಗೆ ಕೇಳಿದಳು, "ನಮ್ಮ ಖೂಬಾ ಪ್ಲಾಟಿನ ಮನಿ ಬಾಗಿಲ ಯಾ ದಿಕ್ಕಿಗದರೀ?"

ಅದೂ ದಕ್ಷಿಣಕ್ಕೇ ಇತ್ತು. ಸುನೀಲ ಕಿಟಕಿಯ ಹೊರಗೆ ನೋಡಿದ.

"ಅತ್ತಿಯವರ ಹೆಸರು ಯಾಕ ತಗದ್ರಿ? ಅವರಿಗೆ ಕೇಳೇ ಇಲ್ಲಲ್ಲ ನೀವು."

"ಕೇಳೋದೇನು, ನನಗ ಗೊತ್ತಿಲ್ಲೇನು?" ಅಂತ ರೇಗಿದ. ರೇಗಿದ್ದು ಅವಳ ಮೇಲಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಮರುವಾರವೇ, ಹೆಂಡತಿಗೆ ದಿನ ತುಂಬುತ್ತಿವೆ ಅನ್ನುವ ನೆಪದಲ್ಲಿ, ಆ ಪೇಟೆ ಗಲ್ಲಿಯ ಕತ್ತಲ ಮನೆಯನ್ನೇ ಮಾತಾಡಿ ಮುಗಿಸಿಬಿಟ್ಟ. ಗೌತಮನಿಗೆ ಹೇಳಬೇಕು, ಹೇಳಬೇಕು ಅಂದುಕೊಂಡ. ಗೌತಮ ಮಿಲ್ಲಿಗೆ ರಜೆ ಹಾಕಿದ್ದ. ಸದ್ಯ ಪಾರಾದೆ ಅನ್ನಿಸಿತು, ನಾಚಿಕೆಗೆಟ್ಟವನಿಗೆ.

ಅಷ್ಟರಲ್ಲಿ ಫೋನು ಬಂತು. "ಲೇ ಸುನ್ಯಾ, ಐತ್ವಾರ ವೈನಿಗೆ ಕರಕೊಂಡು ಬಾ. ಒಂದು ತೋರಸ್ತೀನಿ." ದನಿಯಲ್ಲಿ ಖುಷಿ ತುಂಬಿ ಚೆಲ್ಲುತ್ತಿತ್ತು. ಮುಖ ಕಂಡು ಹೇಳಿದರಾಯಿತೆಂದು ಸುನೀಲ ಹೊರಟ.

ಓಣಿ ಹೊಕ್ಕು ನೋಡಿದರೆ, ದಕ್ಷಿಣದ ಬಾಗಿಲೇ ಇರಲಿಲ್ಲ. ಅಲ್ಲಿ ಹೊಸ ಇಟ್ಟಿಗೆ, ಹಸಿ ಗಿಲಾವು. ಪೂರ್ವದ ಗೋಡೆ ಒಡೆದು, ಶೇವಂತಾಬಾಯಿಯ ಮಲ್ಲಿಗೆ ಬಳ್ಳಿ ಕಿತ್ತು, ಅಲ್ಲಿ ಚೌಕಟ್ಟು ನಿಲ್ಲಿಸಿ ಬಾಗಿಲು ಕೂಡಿಸಿದ್ದರು. ಸಿಮೆಂಟು ಮೆತ್ತಿದ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತ ಗೌತಮ ಬಂದ. ಗೌಂಡಿಯ ಜೊತೆ ತಾನೂ ಕಲ್ಲು ಹೊತ್ತಿದ್ದ.

"ನೋಡ್ರಿ ವೈನಿ! ಸೂರ್ಯ ಹುಟ್ಟಿದ ಕೂಡ್ಲೇ ಕೂಸಿನ ಮೈಮ್ಯಾಲೆ ಬಿಸಲ ಬೀಳ್ತದ. ನಾವು ಈ ವಾಸ್ತು ಎಲ್ಲ ನಂಬಂಗಿಲ್ಲ. ಆದ್ರ ಸುನ್ಯಾನ ಅವ್ವ ಅಂದ್ರ ನಮ್ಮವ್ವ ಇದ್ದಂಗ, ಆಕೀಗಿ ಸಮಾಧಾನ ಆಗಬೇಕಲ್ಲ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಸುನೀಲನಿಗೆ. ಭೂಮಿ ಎಲ್ಲಿ ಬಿಡುತ್ತದೆ! ಅವನ ಬಾಯಿಯೇ ಮತ್ತೆ ತೆರೆಯಿತು, ಮತ್ತೊಂದು ಸುಳ್ಳಿಗೆ. "ಏನಂದ್ರ ಗೌತಮ... ನಮ್ಮವ್ವ ಜ್ಯೋತಿಷಿಗೆ ಕೇಳಿದ್ಳು..."

"ಸಾಕು ಬಿಡ್ರಿ!" ಅಂದಳು ಅಂಜನಾ. ಅವಳ ಕಣ್ಣು ತುಂಬಿದ್ದವು. "ಗೌತಮಣ್ಣಾರ, ಬಾಗಿಲದ ಮಾತು ಸುಳ್ಳರೀ. ಇವರಿಗೆ ಮಂದಿ ಅಂಜಿಕಿ. ಪ್ಯಾಟಿ ಗಲ್ಲಿ ಮನಿ ಮಾಡಿ ಬಿಟ್ಟಾರ."

ಗೌತಮ ಹೊಸ ಚೌಕಟ್ಟಿಗೆ ಕೈಯಿಟ್ಟು ನಿಂತ. ಕೋಪ ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. "ಅವ್ವ ಅಂದಿದ್ಳು" ಅಂದ, ಯಾರಿಗೋ ಹೇಳುವಂತೆ. "ಇದು ಬಾಗಿಲದ ಮಾತಲ್ಲೋ ತಮ್ಮಾ, ಒಡೀಬ್ಯಾಡ ಅಂದಿದ್ಳು. ನಾ ಆಕೀ ಕೂಡ ಜಗಳಾ ಮಾಡ್ದೆ. ನಮ್ಮ ಸುನ್ಯಾ ಅಂಥಾಂವ ಅಲ್ಲ ಅಂದೆ."

ಸುನೀಲ ಅವನ ಕೈ ಹಿಡಿಯಹೋದ. "ತಪ್ಪಾತು ದೋಸ್ತಾ. ಆ ಮನಿ ಬಿಡ್ತೀನಿ. ಇವತ್ತೇ ಬರ್ತೀವಿ ಇಲ್ಲಿಗೆ, ಸಾಮಾನು ತರ್ತೀನಿ."

ಆಗ ಒಳಗಿನಿಂದ ಶೇವಂತಾಬಾಯಿ ಬಂದರು. ಬೈಯಲಿಲ್ಲ. ಸೆರಗು ಸರಿಮಾಡಿಕೊಂಡು ಮಗನ ಪಕ್ಕದಲ್ಲಿ ನಿಂತರು.

"ಬ್ಯಾಡಪ್ಪಾ. ಈಗ ನಾವು ಕೊಡಂಗಿಲ್ಲ. ನಾಳಿಗಿ ನಿಮ್ಮ ಮಂದಿ ಬರ್ತಾರ, ನೀರ ಮುಟ್ಟದ ಹೋಗ್ತಾರ. ನೀ ತಲಿ ತಗ್ಗಸ್ತೀ, ನಿನ್ನ ನೋಡಿ ನನ್ನ ಮಗನೂ ತಲಿ ತಗ್ಗಸ್ತಾನ. ನನ್ನ ಅಂಗಳದಾಗ ನನ್ನ ಮಗ ತಲಿ ತಗ್ಗಿಸಿದ್ದು ನಾ ನೋಡಂಗಿಲ್ಲ." ಆಮೇಲೆ ಅಂಜನಾಳ ಕಡೆ ತಿರುಗಿ, "ನೀ ಬಾ ತಂಗಿ, ಯಾವಾಗಾರ ಬಾ. ಬ್ಯಾನಿ ಬಂದ್ರ ಹೇಳಿ ಕಳಸು" ಅಂದರು.

ಆ ಎರಡು ಖೋಲಿಗೆ ಉಜೈರ್ ಎಂಬ ಬ್ಯಾಂಕಿನವನ ಸಂಸಾರ ಬಂತು. ಸುನೀಲ ಅಂಜನಾ ಪೇಟೆ ಗಲ್ಲಿಗೆ ಬಂದರು. ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲ ಕಾರ್ಯಕ್ಕೆ ಆಳಂದದಿಂದ ಬಂದ ಲಲಿತಾಬಾಯಿ, ಸುನೀಲನ ತಾಯಿ, ಉಂಡು ಕೂತು ಕೇಳಿದಳು: "ಹಿಂಡಿ ಡಬ್ಬಿ ಕಳಸ್ತಿದ್ದಳಲ್ಲ, ನಿನ್ನ ದೋಸ್ತನ ಅವ್ವ, ಆಕೀಗಿ ಕರದಿಲ್ಲೇನೋ? ನಾ ಒಮ್ಮೆ ನೋಡಬೇಕಂತ ಮಾಡಿದ್ದೆ." ಸುನೀಲ ಎದ್ದು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದ.

ಅವ್ವನ ಹೆಸರು ಹೇಳಿ ಹೇಡಿಯಾಗಿದ್ದು ತಾನು ಎಂಬುದನ್ನು ಅವನು ಅವ್ವನಿಗೂ ಹೇಳಲಾರ, ಗೌತಮನಿಗೂ ಹೇಳಲಾರ.

ಗೌತಮನೀಗ ಮಿಲ್ಲಿನಲ್ಲಿ ಪಾಳಿ ಬದಲಿಸಿಕೊಂಡಿದ್ದಾನೆ. ಆದರೆ ಕಮಲಾಪುರದಿಂದ ಕಲಬುರಗಿಗೆ ದಾರಿ ಒಂದೇ. ಮೊನ್ನೆ ಕೂಸನ್ನು ಡಾಕ್ಟರಿಗೆ ತೋರಿಸಲೆಂದು ಮೂವರೂ ಬಸ್ಸು ಹತ್ತಿದರು. ಕಾಲಿಡಲು ಜಾಗವಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಗೌತಮ ಅಂಜನಾಳನ್ನು ಕಂಡದ್ದೇ ಎದ್ದ. "ಕೂಡ್ರಿ ವೈನಿ" ಅಂದ. ಕೂಸಿನ ಗಲ್ಲ ಮುಟ್ಟಿ ನಕ್ಕ. ಆಮೇಲೆ ಕಂಬಿ ಹಿಡಿದು ನಿಂತ. ಅದೇ ಕಂಬಿಯನ್ನು ಸುನೀಲನೂ ಹಿಡಿದಿದ್ದ. ಬಸ್ಸು ಕುಲುಕಿದಾಗಲೆಲ್ಲ ಇಬ್ಬರ ಭುಜ ತಾಗುತ್ತಿದ್ದವು. ಏನಾದರೂ ಅನ್ನಬೇಕೆಂದು ಸುನೀಲ ಊರು ದಾಟುವವರೆಗೂ ಒದ್ದಾಡಿದ. "ಅವ್ವ ಹ್ಯಾಂಗಿದ್ದಾಳ?" ಅಂತ ಕೇಳಲೂ ನಾಲಿಗೆ ಏಳಲಿಲ್ಲ.

ಕಂಡಕ್ಟರ್ ಬಂದ. ಅಂಜನಾಗೆ ಹೆಂಗಸರ ಬಿಟ್ಟಿ ಟಿಕೆಟು ಹರಿದುಕೊಟ್ಟು, ಇವರತ್ತ ತಿರುಗಿದ.

"ಇಬ್ಬರದೂ ಕೂಡೇ ಏನ್ರೀ?"

ಸುನೀಲ ಗಡಬಡಿಸಿ ಕಿಸೆಗೆ ಕೈ ಹಾಕಿದ. ಅಷ್ಟರಲ್ಲಿ ಗೌತಮ, ಸಿಟ್ಟಿಲ್ಲದೆ, ಅವನತ್ತ ನೋಡದೆ, ತನ್ನ ದುಡ್ಡು ಮುಂದೆ ಚಾಚಿದ.

"ಇಲ್ಲರೀ. ನನಗ ಒಂದು ಕೊಡ್ರಿ, ಕಲಬುರಗಿ."