ರಿಕಾರ್ಡೊ ಅವರಿಗೆ ವಾಸು ಸರ್ ಕೊಟ್ಟ ಮಾತು

ವಾಸು ಸರ್ ಲ್ಯಾಪ್‌ಟಾಪಿಗೆ ಕೈಮುಗಿಯುತ್ತಿದ್ದರು. ಪರದೆಯ ಮೇಲೆ ರಿಕಾರ್ಡೊ ಎಂಬ ಹತ್ತೊಂಬತ್ತರ ಹುಡುಗನ ಮುಖ, ಪಕ್ಕದಲ್ಲಿ ಅವನ ದೂರು: ನನ್ನನ್ನು ಯಾಕೆ ಆಡಿಸುತ್ತಿಲ್ಲ? ಸರ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಕನ್ನಡಕ ಸರಿಮಾಡಿಕೊಂಡು, "ನೋಡಿ ರಿಕಾರ್ಡೊ ಅವ್ರೆ, ನಿಮ್ಮ ವಿಷಯ ನನ್ನ ಮನಸ್ಸಲ್ಲೇ ಇದೆ" ಎನ್ನುತ್ತಿದ್ದರು. ಆಮೇಲೆ ಕೆಳಗೆ ಸಾಲಾಗಿ ಕಾಣುವ ಇಂಗ್ಲಿಷ್ ಉತ್ತರಗಳಲ್ಲಿ ಅತ್ಯಂತ ಮೆತ್ತಗಿನದನ್ನು ಹುಡುಕಿ ಒತ್ತುತ್ತಿದ್ದರು. ಸರ್, ಆ ಹುಡುಗ ಇಲ್ಲವೇ ಇಲ್ಲ, ಆಟಕ್ಕೆಂದು ಕಂಪ್ಯೂಟರ್ ಹುಟ್ಟಿಸಿದ ಹೆಸರು ಅದು, ಅವನಿಗೆ ಕನ್ನಡವೂ ಬರುವುದಿಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ಒಂದೇ ಉತ್ತರ: "ಇರ್ಲಿ ಬಿಡ್ರೀ, ನಮ್ಮ ಬಾಯಿ ಕೆಡಬಾರದು."

ನಿಜವಾಗಿ ಕೈಮುಗಿಯುತ್ತಿದ್ದರೋ, ಸುಮ್ಮನೆ ಎರಡು ಕೈಯನ್ನೂ ಮೇಜಿನ ಮೇಲೆ ಜೋಡಿಸಿಟ್ಟಿರುತ್ತಿದ್ದರೋ, ಈಗ ಹೇಳಲಾರೆ. ಈ ಕಥೆಯನ್ನು ನಾನು ಬಹಳ ಜನಕ್ಕೆ ಹೇಳಿದ್ದೇನೆ. ಹೇಳಿದಷ್ಟೂ ಸಾರಿ ಅವರ ಕೈ ಸ್ವಲ್ಪ ಸ್ವಲ್ಪ ಮೇಲಕ್ಕೇರಿರಬಹುದು. ಅವರನ್ನೇ ಕೇಳೋಣವೆಂದರೆ ಅವರು ಈಗಿಲ್ಲ.

ಮಲ್ಲೇಶ್ವರದ ಒಂದು ಹಳೆಯ ಖಾಸಗಿ ಕಾಲೇಜಿನಲ್ಲಿ ಅವರು ಅರ್ಥಶಾಸ್ತ್ರದ ಮುಖ್ಯಸ್ಥರು. ವಾಸುದೇವಮೂರ್ತಿ ಎಂದು ಬಾಗಿಲ ಮೇಲಿತ್ತು. ನಾನು ಅವರ ಕೈಕೆಳಗೆ ಅತಿಥಿ ಉಪನ್ಯಾಸಕ. ಹಾಗೆಂದರೆ ತೆಗೆದುಕೊಂಡ ಕ್ಲಾಸಿಗಷ್ಟೇ ಸಂಬಳ, ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಖಾಯಂ ಹುದ್ದೆಯೊಂದು ಬಂದರೆ ಅದಕ್ಕೆ ಯಾರ ಹೆಸರು ಎಂದು ಆಡಳಿತ ಮಂಡಳಿಗೆ ಬರೆದು ಕಳಿಸುವವರು ವಾಸು ಸರ್. ಆ ಹುದ್ದೆಗಾಗಿ ನಾನು ಕಾಯುತ್ತಿದ್ದೆ. ನನಗಿಂತ ಮುಂಚಿನಿಂದ ಮೀನಾ ಮೇಡಂ ಎಂಬ ಇನ್ನೊಬ್ಬ ಅತಿಥಿ ಉಪನ್ಯಾಸಕಿಯೂ ಕಾಯುತ್ತಿದ್ದರು. ಹುದ್ದೆಯ ಬಗ್ಗೆ ಕೇಳಿದಾಗಲೆಲ್ಲ ಸರ್ ಕಾಫಿ ತರಿಸುತ್ತಿದ್ದರು. "ಆಗುತ್ತೆ ಶ್ರೀಧರ್ ಅವ್ರೆ, ಈ ಸಲ ನೋಡೋಣ" ಎನ್ನುತ್ತಿದ್ದರು. ಕಾಫಿ ಚೆನ್ನಾಗಿರುತ್ತಿತ್ತು.

ಅವರಿಗೆ ಈ ಆಟದ ಹುಚ್ಚು ಹತ್ತಿಸಿದವನು ನಾನೇ. ಪರೀಕ್ಷೆಯ ದಿನಗಳಲ್ಲೊಂದು ಮಧ್ಯಾಹ್ನ ವಿಭಾಗದ ಕೋಣೆಯಲ್ಲಿ ಕೂತು ಆಡುತ್ತಿದ್ದೆ. ಹಿಂದಿನಿಂದ ಬಂದು ಇಣುಕಿ, "ಏನ್ರೀ ಇದು, ಟೈಮ್‌ಟೇಬಲ್ಲಾ?" ಎಂದರು. ಪೂರ್ತಿ ತಪ್ಪೇನಲ್ಲ. ಈ ಫುಟ್‌ಬಾಲ್ ಆಟದಲ್ಲಿ ನಾವು ಚೆಂಡು ಒದೆಯುವುದಿಲ್ಲ. ನಾವು ತಂಡದ ಮ್ಯಾನೇಜರು. ಹನ್ನೊಂದು ಜನರನ್ನು ಆರಿಸಿ ಮೈದಾನಕ್ಕಿಳಿಸಬೇಕು, ಮಿಕ್ಕವರನ್ನು ಬೆಂಚಿನ ಮೇಲೆ ಕೂರಿಸಬೇಕು. ಕೂತವರು ಮುನಿಸಿಕೊಳ್ಳುತ್ತಾರೆ. ಅವರ ಹೆಸರಿನ ಪಕ್ಕ ಕೆಂಪು ಗುರುತು ಬೀಳುತ್ತದೆ, ಆಮೇಲೆ ಮಾತಾಡಬೇಕು ಎಂದು ಬಾಗಿಲು ತಟ್ಟುತ್ತಾರೆ. ನನಗೆ ಈ ಭಾಗ ದೊಡ್ಡ ತಲೆನೋವು. ವಾಸು ಸರ್‌ಗೆ ಆಟವೆಂದರೆ ಅದೇ. ಪಂದ್ಯ ನಡೆಯುವಾಗ ಕಿಟಕಿಯಾಚೆ ಸಂಪಿಗೆ ಮರ ನೋಡುತ್ತ ಕೂತಿರುತ್ತಿದ್ದವರು, ದೂರು ಬಂತೆಂದರೆ ಥಟ್ಟನೆ ಇತ್ತ ತಿರುಗುತ್ತಿದ್ದರು.

ಅಂದಿನಿಂದ ಕೊನೆಯ ಕ್ಲಾಸು ಮುಗಿದ ಮೇಲೆ ಇಬ್ಬರೂ ಒಂದೇ ತಂಡ ನಡೆಸತೊಡಗಿದೆವು. ಇಂಗ್ಲೆಂಡಿನ ಕೆಳದರ್ಜೆಯ ಲೀಗಿನ ಬಡಪಾಯಿ ತಂಡ. ಆಡುವವರ ಆಯ್ಕೆ ನನ್ನದು, ಕೂತವರ ಸಮಾಧಾನ ಅವರದು. ಈ ಹಂಚಿಕೆಯಿಂದ ನನ್ನ ಆಯಸ್ಸು ಸ್ವಲ್ಪ ಕಡಿಮೆಯಾಗಿರಬೇಕು. ಒಂದು ಪಂದ್ಯ ಶುರುವಾಗುವ ಮುಂಚೆ ಬೆಂಚಿನ ಮೇಲಿದ್ದ ಪ್ರತಿಯೊಬ್ಬರನ್ನೂ ಕರೆದು ಮಾತಾಡಿಸಬೇಕು. ಆಟ ಶುರುಮಾಡೋಣ ಸರ್ ಎಂದರೆ, ಇರಿ, ಆ ಎರಡನೇ ಗೋಲ್‌ಕೀಪರನ ಮುಖ ಸಪ್ಪಗಿದೆ ಎನ್ನುವರು. ಗೋಲ್‌ಕೀಪರುಗಳೆಲ್ಲರ ಮುಖವೂ ಒಂದೇ ಚಿತ್ರ ಸರ್ ಎಂದರೆ ಕೇಳಿಸದವರಂತೆ ಇರುವರು. ಒಮ್ಮೆ ನಾನೇ ಮುಂದಾಗಿ ಒಬ್ಬನಿಗೆ, ಅಭ್ಯಾಸದಲ್ಲಿ ಚೆನ್ನಾಗಿ ಆಡು, ಆಗ ನೋಡೋಣ ಎಂಬರ್ಥದ ಉತ್ತರ ಒತ್ತಿದೆ. ಸರ್‌ಗೆ ನಿಜಕ್ಕೂ ನೋವಾಯಿತು.

"ಹೀಗೆ ಮಾತಾಡ್ತಾರೇನ್ರೀ? ಅವ್ನೇ ಬಾಗ್ಲಿಗೆ ಬಂದಿದಾನೆ. ಬಂದವ್ರನ್ನ ಬರಿಗೈಲಿ ಕಳಿಸ್ಬಾರ್ದು."

ಬರಿಗೈಯಲ್ಲಿ ಯಾರನ್ನೂ ಕಳಿಸಲಿಲ್ಲ. ಎಲ್ಲರಿಗೂ ಒಂದೊಂದು ಮಾತು ಕೊಟ್ಟು ಕಳಿಸಿದರು. ರಿಕಾರ್ಡೊಗೆ ಬರುವ ತಿಂಗಳಿಂದ ಜಾಗ ಖಚಿತ, ಎಡಗಡೆಯ ಓಟಗಾರನಿಗೂ ಹಾಗೇ, ಸಪ್ಪೆ ಮುಖದ ಗೋಲ್‌ಕೀಪರನಿಗೂ ಹಾಗೇ. ಮೊದಮೊದಲು ಇದು ಭರ್ಜರಿಯಾಗಿ ಕೆಲಸ ಮಾಡಿತು ಎಂಬುದು ನನ್ನ ಹೊಟ್ಟೆಯುರಿ. ಕೆಂಪು ಗುರುತುಗಳೆಲ್ಲ ಹಸಿರಾದವು, ತಂಡ ಗೆಲ್ಲತೊಡಗಿತು. ಸರ್ ಮೀಸೆಯಲ್ಲೇ ನಗುತ್ತ, "ಏನಿಲ್ಲ ಕಣ್ರೀ, ಒಂದು ಒಳ್ಳೆ ಮಾತು ಸಾಕು ಮನುಷ್ಯಂಗೆ" ಎಂದರು.

ಇಲ್ಲೊಂದು ತೊಡಕಿದೆ. ಅವರಿಗೆ ಮೀಸೆಯಿತ್ತೇ ಎಂದು ಈಗ ಅನುಮಾನ. ಅದಕ್ಕಿಂತ ಕೆಟ್ಟದ್ದೆಂದರೆ, ಅವರು ನನಗೆ ಹೇಳಿದ್ದು ಯಾವುದು, ಆಟಗಾರರಿಗೆ ಹೇಳಿದ್ದು ಯಾವುದು ಎಂದು ಬಿಡಿಸಿಕೊಳ್ಳಲಾಗುತ್ತಿಲ್ಲ. 'ನಿಮ್ಮ ಹೆಸರು ಮೇಲೇ ಇದೆ', 'ನಿಮ್ಮನ್ನ ಬಿಟ್ಟು ಈ ಜಾಗ ಇಲ್ಲ' ಎಂಬ ಮಾತುಗಳು ಅವರ ದನಿಯಲ್ಲೇ ಕಿವಿಯಲ್ಲಿವೆ. ಆಗ ಅವರ ಮುಖ ನನ್ನ ಕಡೆಗಿತ್ತೋ ಪರದೆಯ ಕಡೆಗಿತ್ತೋ ತಿಳಿಯದು. ನಾನೂ ಆ ಆಟಗಾರರೂ ಬೆಂಚಿನವರೇ ಆದ್ದರಿಂದ ದನಿಯಲ್ಲಿ ವ್ಯತ್ಯಾಸವಿರಲಿಲ್ಲ.

ಯಂತ್ರ ಮಾತ್ರ ನನ್ನ ಹಾಗಲ್ಲ, ಅದಕ್ಕೆ ನೆನಪು ಗಟ್ಟಿ. ಹೇಳಿದ ತಿಂಗಳು ಬಂತು, ಯಾರಿಗೂ ಜಾಗ ಸಿಕ್ಕಿರಲಿಲ್ಲ. ರಿಕಾರ್ಡೊ ಸಿಡಿದ. ಅವನ ಹಿಂದೆ ಒಬ್ಬೊಬ್ಬರೇ ಸಿಡಿದರು. ಕೊನೆಗೆ ತಂಡದ ಕ್ಯಾಪ್ಟನ್ನೇ ಎಲ್ಲರ ಪರವಾಗಿ ಬಂದು ನಿಂತ: ನೀವು ಮಾತಿಗೆ ತಪ್ಪುವವರು ಎಂದು ಹುಡುಗರು ಹೇಳುತ್ತಿದ್ದಾರೆ. ವಾಸು ಸರ್ ಮುಖ ಕೆಂಪಾಯಿತು. ಅವರ ಸರ್ವಿಸ್ಸಿನಲ್ಲಿ ಯಾರೂ ಅವರಿಗೆ ಹಾಗೆ ಅಂದಿದ್ದಿಲ್ಲ.

"ಸಮಾಧಾನಕ್ಕೆ ಹೇಳಿದ್ದು ಕಣ್ರೀ ಅದು. ಅಷ್ಟೂ ಗೊತ್ತಾಗಲ್ವಾ ಇವ್ರಿಗೆ?"

ಗೊತ್ತಾಗುವುದಿಲ್ಲ, ಇಲ್ಲಿ ಹೇಳಿದ್ದು ಹೇಳಿದ್ದೇ, ಅದಕ್ಕೊಂದು ಗಡುವಿರುತ್ತದೆ ಎಂದೆ. ಹಾಗಾದರೆ ಅದನ್ನು ಅಳಿಸೋಕೆ ಬರುವುದಿಲ್ಲವೇ ಎಂದು ಕೇಳಿದರು. ಬರುವುದಿಲ್ಲ ಎಂದೆ. ನನ್ನ ಕೈಯಿಂದ ಮೌಸ್ ತೆಗೆದುಕೊಂಡು, ಮಾತು ಕೊಟ್ಟವರನ್ನೆಲ್ಲ ಮುಂದಿನ ಪಂದ್ಯಕ್ಕೆ ಒಟ್ಟಿಗೇ ಇಳಿಸಿಬಿಟ್ಟರು. ಅವರಲ್ಲಿ ಮೂವರು ಒಂದೇ ಜಾಗದ ಆಟಗಾರರು. ಸೋತ ಸೋಲನ್ನು ವಿವರಿಸಲಾರೆ. ಅದುವರೆಗೆ ಆಡುತ್ತಿದ್ದವರು ಬೆಂಚಿಗೆ ಬಂದು ಈಗ ಅವರೂ ಮುನಿದರು. ಕೆಲವೇ ಪಂದ್ಯಗಳಲ್ಲಿ ಆ ಕಂಪ್ಯೂಟರಿನ ಆಡಳಿತ ಮಂಡಳಿ ನಮ್ಮನ್ನು ಕೆಲಸದಿಂದ ತೆಗೆಯಿತು. ಪರದೆಗೆ ಬಂದ ಆ ಪತ್ರವನ್ನು ಸರ್ ಎರಡು ಸಲ ಓದಿದರು. ನಾನು ಸಿಟ್ಟಿನಲ್ಲಿ ಬ್ಯಾಗು ತುಂಬುತ್ತಿದ್ದೆ. ಮೆಲ್ಲಗೆ, "ಕರೆದು ಒಂದು ಮಾತು ಕೇಳ್ಲಿಲ್ವಲ್ರೀ" ಎಂದರು.

ಆ ವಾರವೇ ಎಂದು ನೆನಪು, ಕೆಂಗೇರಿ ಕಡೆಯ ಹೊಸ ಕಾಲೇಜೊಂದರಿಂದ ನನಗೆ ಕರೆ ಬಂತು. ತಿಂಗಳ ಸಂಬಳ, ಬೇಸಿಗೆಯಲ್ಲೂ. ಸೋಮವಾರದೊಳಗೆ ಉತ್ತರ ಕೊಡಬೇಕು. ಹೋದರೆ ಇಲ್ಲಿ ಕಾದ ವರ್ಷಗಳು ಮಣ್ಣುಪಾಲು. ಅದನ್ನು ಬಿಟ್ಟು, ಇಲ್ಲೂ ಹುದ್ದೆ ಬಾರದೆ ಹೋದರೆ, ಎರಡೂ ಇಲ್ಲ. ಎಂಟನೇ ಕ್ರಾಸಿನ ದರ್ಶಿನಿ ಹೋಟೆಲಿನಲ್ಲಿ ಮೀನಾ ಮೇಡಂ ಸಿಕ್ಕಾಗ ಹೇಳಿಕೊಂಡೆ. ಅವರು ಕಾಫಿ ಲೋಟ ಕೆಳಗಿಟ್ಟು, ಹುದ್ದೆ ನನಗೇ ಎಂದು ಸರ್ ಮಾತು ಕೊಟ್ಟಿದ್ದಾರಲ್ಲ ಎಂದರು. ನನಗೂ ಕೊಟ್ಟಿದ್ದಾರೆ ಎಂದೆ. ಇಬ್ಬರೂ ನಗಬಹುದಿತ್ತು. ನಗಲಿಲ್ಲ.

ಶುಕ್ರವಾರ ಸಂಜೆ ವಿಭಾಗಕ್ಕೆ ಹೋದೆ. ಸರ್ ಆಗಲೇ ಇನ್ನೊಂದು ಬಡ ತಂಡ ಹಿಡಿದು ಕೂತಿದ್ದರು, ಅಲ್ಲೂ ಯಾರೋ ಮುನಿದಿದ್ದ. ನಾನು ಕೂರಲಿಲ್ಲ. ಕೆಂಗೇರಿಯ ವಿಷಯ ಹೇಳಿ, ಸರ್, ನನಗೆ ಆಗುತ್ತೋ ಇಲ್ಲವೋ, ಒಂದು ಹೇಳಿಬಿಡಿ ಎಂದೆ. ಅವರು ಅಟೆಂಡರನ್ನು ಕರೆಯಲು ಬಾಗಿಲ ಕಡೆ ನೋಡಿದರು. ಕಾಫಿ ಬೇಡ ಎಂದೆ. ಆಗ ಲ್ಯಾಪ್‌ಟಾಪ್ ಮುಚ್ಚಿದರು.

"ಆಗಲ್ಲ ಶ್ರೀಧರ್. ಪೋಸ್ಟ್ ಬಂದ್ರೆ ಮೀನಾ ಹೆಸ್ರು ಬರೀತೀನಿ. ನಿಮಗಿಂತ ಮುಂಚಿಂದ ಇದಾರೆ, ನಿಮಗಿಂತ ಚೆನ್ನಾಗೂ ಮಾಡ್ತಾರೆ. ನೀವು ಹೋಗಿ."

ವರ್ಷಗಟ್ಟಲೆ ನಾನು ಕೇಳಲು ಹಂಬಲಿಸಿದ್ದು ಇಂಥದೇ ನೇರ ಮಾತು. ಬಂದಾಗ ಮೈ ಉರಿದುಹೋಯಿತು. ನೋಡೋಣ ಎಂದಿದ್ದರೆ ಏನು ಗಂಟು ಹೋಗುತ್ತಿತ್ತು ಇವರದು ಎನಿಸಿತು. ಮೊದಲೇ ಯಾಕೆ ಹೇಳಲಿಲ್ಲ ಎಂದು ದನಿಯೇರಿಸಿ ಕೇಳಿದೆ.

"ಹೇಳಿದ್ರೆ ನೀವು ಹೋಗ್ಬಿಡ್ತಿದ್ರಲ್ಲ" ಎಂದರು. ಆಮೇಲೆ, "ಫಸ್ಟ್ ಇಯರ್ ಕ್ಲಾಸು ಯಾರು ತಗೊಳ್ತಿದ್ರು?" ಎಂದೂ ಸೇರಿಸಿದರು. ಈ ಎರಡರಲ್ಲಿ ಯಾವುದು ನಿಜವಾದ ಕಾರಣ ಎಂದು ನನಗೆ ಇವತ್ತಿಗೂ ಹೊಳೆದಿಲ್ಲ.

ಮುಂದೆ ಹುದ್ದೆ ಬಂತು, ಮೀನಾ ಮೇಡಂಗೇ ಆಯಿತು. ನಾನು ಈ ಪ್ರಸಂಗ ಹೇಳಿದರೆ ಅವರು ನಂಬುವುದಿಲ್ಲ. ವಾಸು ಸರ್ ಜೀವಮಾನದಲ್ಲಿ ಯಾರಿಗೂ ಆಗಲ್ಲ ಅಂದವರಲ್ಲ, ನೀವೇ ಕಟ್ಟಿದ್ದೀರಿ ಎನ್ನುತ್ತಾರೆ. ಇರಬಹುದು. ಆದರೆ ಸರ್ ಹಾಗೆ ಅನ್ನದಿದ್ದರೆ ನಾನು ಕೆಂಗೇರಿಗೆ ಹೋಗುತ್ತಲೇ ಇರಲಿಲ್ಲ. ನನ್ನ ಬಳಿ ಇರುವ ಸಾಕ್ಷಿ ಅದೊಂದೇ, ಈಗಲೂ ಅಲ್ಲೇ ಪಾಠ ಮಾಡುತ್ತಿದ್ದೇನೆ.

ಕೊನೆಯ ಸಲ ಸರ್ ಸಿಕ್ಕಿದ್ದು ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣದಲ್ಲಿ. ರಿಟೈರ್ ಆಗಿದ್ದರು, ಸೊರಗಿದ್ದರು. ಕೈಚೀಲದಲ್ಲಿ ಹೀರೇಕಾಯಿ ಇತ್ತು. ಇದನ್ನು ಮಾತ್ರ ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆಟ ಬಿಟ್ಟಿಲ್ಲವೆಂದರು, ಈಗ ಒಬ್ಬರೇ ಆಡುತ್ತಾರಂತೆ. ಹುಡುಗರಿಗೆ ಇದ್ದದ್ದು ಇದ್ದ ಹಾಗೆ ಹೇಳುತ್ತಾರಂತೆ, ಬಹಳ ಜನ ತಂಡ ಬಿಟ್ಟು ಹೋಗುತ್ತಾರಂತೆ. ಒಂದು ದಿನ ಮನೆಗೆ ಊಟಕ್ಕೆ ಬನ್ನಿ ಎಂದರು. ಬರುತ್ತೇನೆ ಸರ್, ಖಂಡಿತ ಎಂದೆ, ಎಲ್ಲರೂ ಎನ್ನುವ ಹಾಗೆ.

"ಯಾವತ್ತು?"

ನಾನು ನಕ್ಕೆ. ಅವರು ನಗಲಿಲ್ಲ, ನನ್ನ ಮುಖವನ್ನೇ ನೋಡುತ್ತ ನಿಂತರು. ವ್ಯಾಲ್ಯುಯೇಶನ್ ಇದೆ, ಅದು ಮುಗಿಯಲಿ ಎಂದೇನೋ ತೊದಲಿದೆ.

"ಬರಲ್ಲ ಅಂದ್ರೂ ಬೇಜಾರಿಲ್ಲ ಕಣ್ರೀ. ಬರಲ್ಲ ಅಂತ ಹೇಳ್ಬಿಡಿ, ಅಷ್ಟೇ."

ರೈಲು ಬಂದು ನಿಂತು ಬಾಗಿಲು ತೆರೆಯಿತು. ಜನ ತಳ್ಳುತ್ತಿದ್ದರು. ಒಳಗೆ ಕಾಲಿಡುತ್ತ ನಾನು, "ನೋಡೋಣ ಸರ್" ಎಂದೆ.