ಮಾಸ್ತರ ಗಂಟಲು

ಅವರ ಗಂಟಲಮಣಿ ದೂರದಿಂದಲೇ ಎದ್ದು ಕಾಣುತ್ತಿತ್ತು. ಹುಡುಗರ ಪ್ರಬಂಧ ತಿದ್ದಲು ಕುಳಿತರೆ ಒಂದೊಂದು ಹಾಳೆಗೂ ಅದು ಮೇಲೇರಿ ಇಳಿದು, ಬೇರೊಂದು ಕಡೆ ನಿಲ್ಲುತ್ತಿತ್ತು. ಆಮೇಲೆ ದನಿ ಹೊರಡುತ್ತಿತ್ತು. ಅವರದಲ್ಲ, ಬರೆದ ಹುಡುಗನದು.

ಹೊಸಪೇಟೆಯ ಶಾಲೆಯಲ್ಲಿ ಅವರು ಹಿರಿಯ ಇಂಗ್ಲಿಷ್ ಮಾಸ್ತರು, ನಾನು ಹೊಸದಾಗಿ ಸೇರಿದ ಸಹಾಯಕ. ಶಾಲೆ ಬಿಟ್ಟ ಮೇಲೆ ಪಕ್ಕದ ಕೋಣೆಯಲ್ಲಿ ಫೋರ್ತ್ ಫಾರ್ಮಿನ ಹುಡುಗರು ಒಬ್ಬೊಬ್ಬರಾಗಿ ಓದುವುದು ಕೇಳಿಸಿ, ಹೋಗಿ ಇಣುಕಿದ್ದೆ. ಮಾಸ್ತರೊಬ್ಬರೇ ಕುಳಿತಿದ್ದರು.

"ತಪ್ಪು ಕಣ್ಣಿಗೆ ಸಿಗಂಗಿಲ್ಲಪಾ, ಕಿವಿಗೆ ಸಿಗತೈತಿ. ಅವನ ದನಿಯಾಗ ಓದಿದ್ರ ಎಲ್ಲಿ ಎಡವ್ಯಾನ ಅಂತ ಗೊತ್ತಾಗತೈತಿ," ಎಂದು ನಕ್ಕರು.

ತಿದ್ದುವುದನ್ನು ನನಗೆ ಕಲಿಸಿದವರು ಅವರು. 'ಮೈ ಫಾದರ್ ಆರ್' ಎಂದು ಬರೆದವನ ಮೇಲೆ ನಾನು ರೇಗಿದಾಗ, "ಅಪ್ಪಗ ಮರ್ಯಾದಿ ಕೊಟ್ಟಾನಲ್ಲೋ. ಮೊದಲು ಅದನ್ನ ಹೇಳು, ಆಮ್ಯಾಲ ತಿದ್ದು," ಎಂದಿದ್ದರು.

ಕಂಪ್ಲಿ ಕಡೆಯ ಎಮ್ಮಿಗನೂರಿನ ಹುಡುಗನೊಬ್ಬ ನಮ್ಮಲ್ಲಿ ಓದುತ್ತಿದ್ದ. ಚಳಿಜ್ವರವೆಂದು ಊರಿಗೆ ಹೋದವನು ಅಲ್ಲೇ ತೀರಿಕೊಂಡ. ಅವನು ಬರೆದಿಟ್ಟುಹೋದ 'ನಮ್ಮ ಮನೆ' ಎಂಬ ಇಂಗ್ಲಿಷ್ ಪ್ರಬಂಧ ಮಾಸ್ತರ ಮೇಜಿನ ಮೇಲೆ ತಿದ್ದದೆ ಉಳಿದಿತ್ತು. ಮಗನ ಪುಸ್ತಕ ಒಯ್ಯಲು ಬಂದ ತಂದೆತಾಯಿಗೆ ಅದನ್ನು ಕೊಟ್ಟರೆ, ಇಬ್ಬರಿಗೂ ಓದು ಬಾರದು.

"ಏನ್ ಬರದಾನ, ಒಮ್ಮಿ ಓದ್ರಿ," ಎಂದರು ಹುಡುಗನ ತಂದೆ.

ಮಾಸ್ತರು ಓದಿದರು. ರೂಢಿಯಂತೆ ಅವನದೇ ದನಿ ಬಂತು, ತುಸು ಮೂಗಿನಿಂದ, ತಡವರಿಸುತ್ತ. ಇಂಗ್ಲಿಷಿನ ಒಂದು ಮಾತೂ ತಿಳಿಯದ ಆ ತಾಯಿ ನೆಲಕ್ಕೆ ಕುಸಿದು, "ಇನ್ನೊಮ್ಮಿ ಓದ್ರಿ, ಯಪ್ಪಾ," ಎಂದರು. ಅವರ ಕಣ್ಣಲ್ಲಿ ನೀರಿರಲಿಲ್ಲ.

ಆಮೇಲೆ ಪ್ರತಿವರ್ಷ ಕಬ್ಬಿನ ಕೆಲಸ ಮುಗಿದೊಡನೆ, ಮಾಸ್ತರ ಬಳಿಯೇ ಬಿಟ್ಟುಹೋಗಿದ್ದ ಆ ಪ್ರಬಂಧ ಕೇಳಲು ಇಬ್ಬರೂ ಗಾಡಿ ಕಟ್ಟಿಕೊಂಡು ಬರತೊಡಗಿದರು. ಜೊತೆಗೆ ಕೂದಲು ಕೆದರಿದ ಸಣ್ಣ ಮಗಳು. ಅವಳು ಬಾಯಿ ತೆರೆದರೆ ತಾಯಿ, "ಸುಮ್ಕಿರು, ಅಣ್ಣ ಓದಾಕತ್ಯಾನ," ಎಂದು ಗದರುತ್ತಿದ್ದರು.

ಒಂದು ವರ್ಷ, ಓದುತ್ತಿದ್ದಂತೆ ಆ ದನಿ ಒಡೆಯಿತು, ಮೀಸೆ ಮೂಡುವ ವಯಸ್ಸಿನಲ್ಲಿ ಒಡೆಯುತ್ತದಲ್ಲ, ಹಾಗೆ. ಮಾಸ್ತರು ನಿಲ್ಲಿಸಿ ನೀರು ಕುಡಿದು ಮತ್ತೆ ಓದಿದರು. ದಪ್ಪನೆಯ ದನಿ. ಆದರೂ ಅವನದೇ.

ತಾಯಿ ಹಿಗ್ಗಿ ಗಂಡನ ಕಡೆ ತಿರುಗಿದರು. "ಗಂಟಲ ಒಡದೈತಿ ನೋಡ್ರಿ. ನನ್ನ ಮಗ ದೊಡ್ಡಾಂವ ಆದ."

ಅವರು ಹೋದ ಮೇಲೆ ಮಾಸ್ತರು ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು. "ಅದು ನಾ ಮಾಡಿದ್ದಲ್ಲಪಾ. ಬೆಳೆದ ಹುಡುಗನ ದನಿ ನಾ ಎಲ್ಲಿ ಕೇಳೇನಿ?"

ಮರುವರ್ಷ ಅವರು ಬಂದಾಗ ಮಾಸ್ತರು ಓದಲಿಲ್ಲ. ಕೆಂಪು ಶಾಯಿಯ ದೌತಿ ತೆರೆದು, "ಇವತ್ತು ತಿದ್ದತೀನಿ. ತಿದ್ದಿದ ಮ್ಯಾಲ ಅವನ ದನಿ ಬರಂಗಿಲ್ಲ," ಎಂದರು.

"ಬ್ಯಾಡ್ರಿ!" ತಾಯಿ ಅವರ ಮಣಿಕಟ್ಟು ಹಿಡಿದುಕೊಂಡರು.

"ಏನು ತಪ್ಪು ಮಾಡ್ಯಾನ್ರಿ?" ಎಂದರು ತಂದೆ.

"ನಿಮ್ಮನ್ನ ಬಹುವಚನದಾಗ ಬರದಾನ. ಇಂಗ್ಲಿಷಿನಾಗ ಒಬ್ಬರಿಗೆ ಹಂಗ ಬರಿಯಂಗಿಲ್ಲ."

"ನಮ್ಮ ಮಾತಿನಾಗ ಸರಿ ಐತಲ್ರಿ?"

"ಭಾಳ ಸರಿ ಐತಿ."

ತಂದೆ, ಬಾಗಿಲಲ್ಲಿ ಬೆರಳು ಕಚ್ಚುತ್ತ ನಿಂತಿದ್ದ ಮಗಳನ್ನು ನೋಡಿದರು. ಹೆಂಡತಿಯ ಕೈಯನ್ನು ಮೆಲ್ಲಗೆ ಬಿಡಿಸಿ, "ತಿದ್ದ್ರಿ," ಎಂದರು.

ಮಾಸ್ತರು ಒಂದೊಂದೇ ತಪ್ಪು ಹೊಡೆದುಹಾಕಿ, ಸರಿಯಾದುದನ್ನು ಮೇಲೆ ಬರೆದರು. ಮುಗಿಸಿ, ಗಟ್ಟಿಯಾಗಿ ಓದಿದರು. ಗೊಗ್ಗರು ದನಿಯ ಮುದುಕರೊಬ್ಬರು ಇಂಗ್ಲಿಷ್ ಓದಿದ್ದಷ್ಟೇ ಕೇಳಿತು. ತಾಯಿ ಪೂರ್ತಿ ಕೇಳಿಸಿಕೊಂಡು, ಎದ್ದು ಹೊರಗೆ ಹೋದರು.

ಅವರು ಮತ್ತೆ ಬರಲಿಲ್ಲ. ಮಾಸ್ತರೂ ಆಮೇಲೆ ಯಾರ ಪ್ರಬಂಧವನ್ನೂ ಬಾಯಿಬಿಟ್ಟು ಓದಲಿಲ್ಲ. ಕಣ್ಣಿನಲ್ಲೇ ತಿದ್ದುತ್ತಿದ್ದರು, ಕೆಲವೊಮ್ಮೆ ತಪ್ಪು ಬಿಟ್ಟುಬಿಡುತ್ತಿದ್ದರು. ತಾಯಿಯ ಕೊನೆಯ ಆಸರೆಯನ್ನೂ ಕಿತ್ತುಕೊಂಡೆನೆಂಬ ಕೊರಗು ಅವರನ್ನು ಬಿಡಲಿಲ್ಲ. ಆ ಕೊರಗಿನಲ್ಲೇ ತೀರಿಕೊಂಡರು.

ಸುದ್ದಿ ಕೇಳಿ ಎಮ್ಮಿಗನೂರಿನಿಂದ ಆ ತಂದೆ ಬಂದಿದ್ದರು. ಮಾಸ್ತರ ಪಾದ ಮುಟ್ಟಿ, ನನ್ನ ಪಕ್ಕ ಬಂದು ನಿಂತರು.

"ಮಗ ಸತ್ತಾಗ ನನ್ನ ಹೆಂಡ್ತಿ ಅತ್ತಿದ್ದಿಲ್ರಿ," ಎಂದರು. "ಮಾಸ್ತರು ತಿದ್ದಿದ ದಿನ ದಾರಿ ತುಂಬ ಅತ್ಲು. ಮನಿ ಮುಟ್ಟಿದ ಮ್ಯಾಲ ಮಗಳನ್ನ ಕರದು ಕುಂದ್ರಿಸಿಕೊಂಡು ತಲಿ ಬಾಚಿದ್ಲು."