ಬೆಳೆಯುವ ಕೂಸಿಗೊಂದು ದೊಡ್ಡ ಸೀಟು

ಬೆಳಿಗ್ಗೆಯಿಂದ ಮನೆಯೆಲ್ಲ ಹೊಸ ಬೂಟಿನ ವಾಸನೆ. ಮಗಳು ಶಾಲೆಗೆ ಸೇರುತ್ತಾಳೆಂದು ಮಾವ ತಂದದ್ದು. ತುದಿಗೆ ಅರಳೆ ತುರುಕಿದರೂ ಪಾದ ಒಳಗೆ ಈಜುತ್ತದೆ. ಮಾವನದು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ. ಬೆಳೆಯುವುದೆಲ್ಲದರ ಮೇಲೆ ಅಪಾರ ನಂಬಿಕೆ. ನನ್ನ ಗಂಡನಿಗೆ ಒಂದನೇ ಇಯತ್ತೆಯಲ್ಲಿ ಹೊಲಿಸಿದ ಚಡ್ಡಿ ನಾಲ್ಕನೆಯದರಲ್ಲಿ ಸರಿಹೋಯಿತಂತೆ. ಅಷ್ಟು ಹೊತ್ತಿಗೆ ಹರಿದಿತ್ತು, ಆ ಮಾತು ಬಿಡಿ.

ಮಗಳಿಗೆ ಒಂದೂವರೆ ವರ್ಷವಿದ್ದಾಗ ಕಾರ್ ಸೀಟು ಕೊಳ್ಳಲು ಹಾವೇರಿಗೆ ಹೋದೆವು. ಅಂಗಡಿಯವನು ಅವಳ ತೂಕ ಕೇಳಿ, ಹೆಗಲಿಂದ ತೊಡೆಯವರೆಗೆ ಪಟ್ಟಿ ಬಿಗಿಯುವ ಪುಟ್ಟ ಸೀಟು ತೋರಿಸಿದ. ಮಾವ ಅದನ್ನು ಕಲ್ಲಂಗಡಿಯಂತೆ ತಟ್ಟಿ ನೋಡಿ, ದೊಡ್ಡ ಮಕ್ಕಳ ಸೀಟಿನತ್ತ ಬೆರಳು ಮಾಡಿದರು.

"ಬೆಳಿಯೂ ಕೂಸೈತ್ರಿ. ಸ್ವಲ್ಪ ದೊಡ್ಡದ ಇರ್ಲಿ."

ಅಂಗಡಿಯವನು ಬೇಡವೆಂದ, ನಾನೂ ಬೇಡವೆಂದೆ. ಗಂಡ ಫೋನು ನೋಡತೊಡಗಿದ. ಅಪ್ಪ ಮತ್ತು ಹೆಂಡತಿ ಎದುರುಬದುರಾದಾಗಲೆಲ್ಲ ಅವನಿಗೆ ಯಾರದೋ ಮೆಸೇಜು ಬಂದಿರುತ್ತದೆ, ಏನು ಮಾಡುತ್ತೀರಿ!

ದೊಡ್ಡ ಸೀಟೇ ಬಂತು. ಉಳಿದ ಜಾಗಕ್ಕೆ ಅತ್ತೆ ಕೌದಿ ಮಡಚಿ ಒತ್ತಿ, ಎರಡೂ ಕಡೆ ದಿಂಬು ಇಟ್ಟರು. ನಡುವೆ ಮಗಳು ಗಾದಿಯ ಮೇಲಿನ ಸಾಹುಕಾರನ ಹಾಗೆ ಕುಳಿತಳು. ಬಂದವರೆಲ್ಲ ಮೆಚ್ಚಿದ್ದರಿಂದ ದೃಷ್ಟಿ ತಾಗೀತೆಂದು ಸೀಟಿಗೊಂದು ನಿಂಬೆಹಣ್ಣನ್ನೂ ಕಟ್ಟಲಾಯಿತು. ಕಾರಿನ ಬೆಲ್ಟಿನ ಮೇಲಿನ ಪಟ್ಟಿ ಕುತ್ತಿಗೆಗೆ ಬರುತ್ತದೆಂದು ಅದನ್ನು ಬೆನ್ನ ಹಿಂದೆ ಸರಿಸಿ, ಸೊಂಟದ ಪಟ್ಟಿಯೊಂದನ್ನೇ ಬಿಟ್ಟಿದ್ದರು.

ಒಂದು ಮಧ್ಯಾಹ್ನ ಬ್ಯಾಡಗಿಗೆ ಹೊರಟಿದ್ದೆವು. ಮುಂದಿದ್ದ ಮೆಣಸಿನಕಾಯಿ ಟೆಂಪೊ ಗಕ್ಕನೆ ನಿಂತಿತು, ಗಂಡ ಬ್ರೇಕ್ ತುಳಿದ. ಕೌದಿ, ದಿಂಬು, ನಿಂಬೆಹಣ್ಣು ಎಲ್ಲ ತಮ್ಮ ಜಾಗದಲ್ಲೇ ಇದ್ದವು. ಮಗಳು ಮಾತ್ರ ಪಟ್ಟಿಯಡಿಯಿಂದ ಜಾರಿ, ಹಿಂದೆ ಅವಳ ಅಕ್ಕಪಕ್ಕ ಕುಳಿತಿದ್ದ ನನ್ನ ಮತ್ತು ಮಾವನ ಕಾಲ ಬಳಿ ಬಿದ್ದಿದ್ದಳು. ಸದ್ದಿಲ್ಲ.

"ಕೂಸು ಯಾಕ ಅಳವಲ್ದು?" ಮಾವನ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಎತ್ತಿಕೊಂಡೆ. ಉಸಿರು ಕಟ್ಟಿದ್ದವಳು ಆಮೇಲೆ ಒಮ್ಮೆಲೇ ಕಿರುಚಿದಳು. ಹಣೆ ಊದಿದ್ದು ಬಿಟ್ಟರೆ ಏನೂ ಆಗಿಲ್ಲವೆಂದರು ಡಾಕ್ಟರು. ಮಾವ ಅಲ್ಲಿಂದಲೇ ಕಾರನ್ನು ಹಾವೇರಿಗೆ ತಿರುಗಿಸಲು ಹೇಳಿ, ಆ ಪುಟ್ಟ ಸೀಟನ್ನು ಚೌಕಾಶಿಯಿಲ್ಲದೆ ಕೊಂಡರು. ಚೌಕಾಶಿ ಮಾಡದಿದ್ದಾಗಲೇ ಅವರೆಷ್ಟು ಹೆದರಿದ್ದಾರೆಂದು ನನಗೆ ತಿಳಿದದ್ದು.

ಅದೂ ಈಗ ಸಣ್ಣದಾಗಿ, ಅವಳ ಅಳತೆಯದೇ ಇನ್ನೊಂದು ಬಂದಿದೆ. ಇವತ್ತು ಶಾಲೆಗೆ ಹೊರಡುವಾಗ ಮಾವನೇ ಬಗ್ಗಿ ಪಟ್ಟಿ ಎಳೆದು, ಬೆರಳು ತೂರಿಸಿ ನೋಡಿ, ಮತ್ತಷ್ಟು ಬಿಗಿದರು. ಮಗಳು ರಚ್ಚೆ ಹಿಡಿದಳು. ಗಂಡ ಸ್ವಲ್ಪ ಸಡಿಲ ಮಾಡಲೇ ಎಂದು ಕೇಳಿದ.

"ಅಳ್ಲಿ ಬಿಡು," ಎಂದರು ಮಾವ. "ಅಳಾಕತ್ತಾಳಲ್ಲ, ಅಷ್ಟ ಸಾಕು."